ಮೂರು ಬೈಟಿಗೆ ನಾಲ್ಕು ಅಕ್ಷರ: ವೆಬ್ ಪುಟದೊಳಗೆ ಹುದುಗಿಸಿದ ಚಿತ್ರದ ಲೆಕ್ಕ

ಒಂದು ಲೋಗೊ 15,000 ಬೈಟ್ ಇದೆ ಎಂದುಕೊಳ್ಳಿ. ಬೇಸ್64 ವಿಧಾನದಲ್ಲಿ ಅದನ್ನು ಅಕ್ಷರಗಳಾಗಿ ಬರೆದರೆ 20,000 ಅಕ್ಷರವಾಗುತ್ತದೆ. ಆ ಅಕ್ಷರಗಳನ್ನು ಎಚ್‌ಟಿಎಂಎಲ್ ಪುಟದೊಳಗೇ ಇಟ್ಟು, ದಿನಕ್ಕೆ ಒಂದು ಲಕ್ಷ ಓದುಗರು ತಲಾ ನಾಲ್ಕು ಪುಟ ತೆರೆದರೆ, ಲೋಗೊ ಒಂದಕ್ಕೇ ಸರ್ವರಿನಿಂದ ಹೊರಡುವ ಡೇಟಾ 8 ಜಿಬಿ. ಅದನ್ನೇ ಬೇರೆ ಫೈಲಾಗಿ ಇಟ್ಟಿದ್ದರೆ ಸುಮಾರು 1.6 ಜಿಬಿಯಲ್ಲಿ ಮುಗಿಯುತ್ತಿತ್ತು. ಹೀಗೆ ಐದು ಪಟ್ಟು ಏರಿದ್ದಕ್ಕೆ ಸಾಮಾನ್ಯವಾಗಿ ಬೈಗುಳ ತಿನ್ನುವುದು ಬೇಸ್64 ತರುವ ಶೇ 33ರ ಹಿಗ್ಗುವಿಕೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಹಿಗ್ಗುವಿಕೆಯ ಪಾಲು ಮೂರನೇ ಒಂದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಒಂದೇ ಚಿತ್ರವನ್ನು ಮತ್ತೆ ಮತ್ತೆ ಕಳಿಸಿದ ಖರ್ಚು.

ಮೂರಕ್ಕೆ ನಾಲ್ಕು ಎಲ್ಲಿಂದ ಬಂತು?

ಒಂದು ಬೈಟಿನಲ್ಲಿ 8 ಬಿಟ್. ಮೂರು ಬೈಟ್ ಸೇರಿದರೆ 24 ಬಿಟ್. ಇದನ್ನು ಆರಾರು ಬಿಟ್‌ಗಳಾಗಿ ಕತ್ತರಿಸಿದರೆ ನಾಲ್ಕು ತುಂಡು. ಆರು ಬಿಟ್‌ಗೆ ಇರುವ ಸಾಧ್ಯತೆ 64; ಅಷ್ಟಕ್ಕೂ ಒಂದೊಂದು ಚಿಹ್ನೆ ಬೇಕು. ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರ, 10 ಅಂಕಿ, ಜೊತೆಗೆ ಕೂಡುವ ಚಿಹ್ನೆ ಮತ್ತು ಓರೆಗೆರೆ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಫೈಲಿನ ಕೊನೆಯಲ್ಲಿ ಒಂದು ಬೈಟ್ ಉಳಿದರೆ ಎರಡು ಸಮಚಿಹ್ನೆ, ಎರಡು ಬೈಟ್ ಉಳಿದರೆ ಒಂದು ಸಮಚಿಹ್ನೆ ಹಾಕಿ ನಾಲ್ಕರ ಗುಂಪನ್ನು ಭರ್ತಿ ಮಾಡುತ್ತಾರೆ.

ಸೂತ್ರ ಇಷ್ಟೇ: ಬೈಟ್‌ಗಳ ಸಂಖ್ಯೆಯನ್ನು 3ರಿಂದ ಭಾಗಿಸಿ, ಶೇಷವಿದ್ದರೆ ಒಂದು ಕೂಡಿಸಿ, 4ರಿಂದ ಗುಣಿಸಿ. ಮೊಬೈಲಿನಲ್ಲಿ ತೆಗೆದ 50 ಲಕ್ಷ ಬೈಟಿನ ಫೋಟೊ ಈ ಸೂತ್ರದಲ್ಲಿ 66,66,668 ಅಕ್ಷರವಾಗುತ್ತದೆ. ಪುಟಕ್ಕೆ 2,000 ಅಕ್ಷರದಂತೆ ಅಚ್ಚು ಹಾಕಿಸಿದರೆ 3,300 ಪುಟ ದಾಟುವ ಗ್ರಂಥ.

ಈ ವಿಧಾನ ಹುಟ್ಟಿದ್ದು ಚಿತ್ರಕ್ಕಾಗಿಯೂ ಅಲ್ಲ, ವೆಬ್‌ಗಾಗಿಯೂ ಅಲ್ಲ. ಹಳೆಯ ಇ-ಮೇಲ್ ವ್ಯವಸ್ಥೆ ಏಳು ಬಿಟ್‌ನ ಇಂಗ್ಲಿಷ್ ಪಠ್ಯವನ್ನು ಮಾತ್ರ ಸುರಕ್ಷಿತವಾಗಿ ದಾಟಿಸುತ್ತಿತ್ತು. ಬೇರೆ ಬೈಟ್‌ಗಳನ್ನು ಪಠ್ಯದ ವೇಷದಲ್ಲಿ ಸಾಗಿಸುವ ಈ ಉಪಾಯ 1987ರ ಆರ್‌ಎಫ್‌ಸಿ 989 ಎಂಬ ಇಂಟರ್‌ನೆಟ್ ನಿಯಮದಾಖಲೆಯಲ್ಲಿ ಕಾಣಿಸಿಕೊಂಡಿತು. 1996ರ ಆರ್‌ಎಫ್‌ಸಿ 2045ರ ಪ್ರಕಾರ ಇ-ಮೇಲ್‌ನಲ್ಲಿ ಸಾಲಿಗೆ 76 ಅಕ್ಷರದ ಮಿತಿ ಇದೆ. 57 ಬೈಟಿಗೆ 76 ಅಕ್ಷರ, ಸಾಲು ಮುರಿಯಲು ಇನ್ನೆರಡು, ಒಟ್ಟು 78. ಹಾಗಾಗಿ ಇ-ಮೇಲ್ ಲಗತ್ತಿನ ಹಿಗ್ಗುವಿಕೆ ಶೇ 33 ಅಲ್ಲ, ಶೇ 36.8. 25 ಎಂಬಿ ಮಿತಿಯನ್ನು ಹಿಗ್ಗಿದ ಅಳತೆಗೆ ಅನ್ವಯಿಸುವ ಕಡೆ, ಮೂಲ ಫೈಲ್ 18 ಎಂಬಿ ದಾಟುತ್ತಿದ್ದಂತೆ ತಡೆ ಬೀಳುವುದು ಇದರಿಂದಲೇ.

1998ರ ಆಗಸ್ಟಿನಲ್ಲಿ ಲ್ಯಾರಿ ಮ್ಯಾಸಿಂಟರ್ ಬರೆದ ಆರ್‌ಎಫ್‌ಸಿ 2397, ಫೈಲಿನ ವಿಳಾಸ ಇರಬೇಕಾದ ಜಾಗದಲ್ಲಿ ಫೈಲನ್ನೇ ಬರೆಯಬಹುದು ಎಂದಿತು. ಇದೇ ಡೇಟಾ ಯುಆರ್‌ಐ. ಇಲ್ಲಿ ಸಾಲು ಮುರಿಯುವ ಹಂಗಿಲ್ಲ, ಹಿಗ್ಗುವಿಕೆ ಶೇ 33.3ಕ್ಕೆ ನಿಲ್ಲುತ್ತದೆ. ಬಳಕೆ ಹರಡಲು ಮಾತ್ರ ವರ್ಷಗಳು ಹಿಡಿದವು. 2009ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ಇದನ್ನು ಒಪ್ಪಿಕೊಂಡಿತಾದರೂ 32 ಕೆಬಿಯ ಗೆರೆ ಎಳೆದಿತ್ತು.

64ರ ಬದಲು ಬೇರೆ ಸಂಖ್ಯೆ ಇಟ್ಟುಕೊಂಡರೆ ಹಿಗ್ಗುವಿಕೆ ಹೀಗಿರುತ್ತದೆ:

| ವಿಧಾನ | ಬೈಟ್ → ಅಕ್ಷರ | ಹಿಗ್ಗುವಿಕೆ |
|---|---|---|
| ಹೆಕ್ಸ್ (16 ಚಿಹ್ನೆ) | 1 → 2 | ಶೇ 100 |
| ಬೇಸ್32 | 5 → 8 | ಶೇ 60 |
| ಬೇಸ್64, ಇ-ಮೇಲ್ ಸಾಲುಗಳೊಂದಿಗೆ | 57 → 78 | ಶೇ 36.8 |
| ಬೇಸ್64, ವೆಬ್‌ನಲ್ಲಿ | 3 → 4 | ಶೇ 33.3 |
| ಆಸ್ಕಿ85 | 4 → 5 | ಶೇ 25 |

ಆಸ್ಕಿ85 ಅಗ್ಗ. ಆದರೆ ಅದರ ಚಿಹ್ನೆಗಳಲ್ಲಿ ಉದ್ಧರಣ ಚಿಹ್ನೆಯೂ ಕೋನಾವರಣವೂ ಇವೆ. ಎಚ್‌ಟಿಎಂಎಲ್‌ಗೆ ಅವು ವ್ಯಾಕರಣದ ಚಿಹ್ನೆಗಳು. ಪುಟದೊಳಗೆ ಬಂದರೆ ಗೊಂದಲ ಖಚಿತ. ಈ ಪಟ್ಟಿಯಲ್ಲಿ ಪುಟವನ್ನು ಕೆಡಿಸದೆ ಕೂರಬಲ್ಲವುಗಳಲ್ಲಿ ಬೇಸ್64ರ ದರವೇ ಕಡಿಮೆ.

42 ಬೈಟಿನ ಚಿತ್ರ

ಒಂದೇ ಚುಕ್ಕೆಯ ಪಾರದರ್ಶಕ ಜಿಫ್ ಚಿತ್ರ 42 ಬೈಟಿನಲ್ಲಿ ಮುಗಿಯುತ್ತದೆ. ಅಕ್ಷರಕ್ಕಿಳಿಸಿದರೆ 56. ‘ಇದು ಜಿಫ್, ಬೇಸ್64ನಲ್ಲಿದೆ’ ಎಂದು ಬ್ರೌಸರಿಗೆ ತಿಳಿಸುವ ಮುನ್ನುಡಿಗೆ 22. ಒಟ್ಟು 78 ಅಕ್ಷರ, ಅಂದರೆ ಶೇ 86ರ ಏರಿಕೆ. ಶೇಕಡಾವಾರು ನೋಡಿದರೆ ಗಾಬರಿಯಾಗಬೇಕು. ಆದರೆ ಅದೇ ಚಿತ್ರವನ್ನು ಬೇರೆ ಫೈಲಾಗಿ ತರಿಸಿದರೆ ಬ್ರೌಸರಿನ ಕೋರಿಕೆಗೂ ಸರ್ವರಿನ ಉತ್ತರಕ್ಕೂ ಶಿರೋಲೇಖಗಳು (ಹೆಡರ್) ಅಂಟಿಕೊಂಡು ಬರುತ್ತವೆ. ಎರಡೂ ಸೇರಿ ನೂರಾರು ಬೈಟ್. 42 ಬೈಟಿನ ಸರಕಿಗೆ ಅಷ್ಟು ಸಾಗಣೆ ವೆಚ್ಚ ಕೊಡುವುದಕ್ಕಿಂತ 36 ಅಕ್ಷರ ಹೆಚ್ಚು ಬರೆಯುವುದು ಲಾಭ.

ವೆಬ್ ಪುಟಗಳನ್ನು ಕಟ್ಟುವ ಸಲಕರಣೆಗಳೂ ಇಂಥದೊಂದು ಗೆರೆ ಎಳೆದುಕೊಂಡಿವೆ. ವೀಟ್ ತಾನಾಗಿ ಒಳಗೆ ಹುದುಗಿಸುವುದು 4,096 ಬೈಟಿಗಿಂತ ಚಿಕ್ಕ ಫೈಲನ್ನು. ಸರಿಯಾಗಿ ಆ ಗೆರೆಯಷ್ಟಿರುವ ಪಿಎನ್‌ಜಿ ಮುನ್ನುಡಿಯೂ ಸೇರಿ 5,486 ಅಕ್ಷರವಾಗುತ್ತದೆ. ವೆಬ್‌ಪ್ಯಾಕ್‌ನ 5ನೇ ಆವೃತ್ತಿಯ ಗೆರೆ 8 ಕೆಬಿ.

ಜಿಜಿಪ್ ಹಿಂದಿರುಗಿಸುವ ಪಾಲು

ಸರ್ವರ್ ಎಚ್‌ಟಿಎಂಎಲ್ ಪುಟವನ್ನು ಜಿಜಿಪ್‌ನಿಂದ ಒತ್ತಿ ಕಳಿಸುತ್ತಿದ್ದರೆ ಶೇ 33 ಹೆಚ್ಚುಕಡಿಮೆ ಕರಗಿಹೋಗುತ್ತದೆ. ಬೇಸ್64ನ ಪ್ರತಿ ಅಕ್ಷರವೂ 8 ಬಿಟ್ ಜಾಗ ಹಿಡಿದರೂ ಹೊರುವ ಮಾಹಿತಿ 6 ಬಿಟ್‌ನದು. ಬರುವ ಚಿಹ್ನೆಗಳು 64 ಮಾತ್ರ ಎಂಬುದು ಸಂಕೋಚನಕ್ಕೆ ಗೊತ್ತಾದ ಕೂಡಲೇ ಪ್ರತಿಯೊಂದಕ್ಕೂ ಸುಮಾರು 6 ಬಿಟ್‌ನ ಸಂಕೇತ ಕೊಡುತ್ತದೆ. ನಾಲ್ಕು ಅಕ್ಷರಕ್ಕೆ ಮತ್ತೆ 24 ಬಿಟ್, ಅಂದರೆ ಮೊದಲಿನ ಮೂರು ಬೈಟ್. ಅಲ್ಲಿ ಇಲ್ಲಿ ಸೋರುವುದು ಸೇರಿ ಶೇ 2 ಹೆಚ್ಚುವರಿ ಎಂದು ಹಿಡಿಯೋಣ. 20,000 ಅಕ್ಷರವಾಗಿದ್ದ ಲೋಗೊ ತಂತಿಯ ಮೇಲೆ 15,300 ಬೈಟ್ ಮಾತ್ರ.

ಈಗ ಮೊದಲಿನ ಒಂದು ಲಕ್ಷ ಓದುಗರ ಲೆಕ್ಕಕ್ಕೆ ಬರೋಣ. ಪ್ರತಿ ಕೋರಿಕೆಯ ಶಿರೋಲೇಖ 800 ಬೈಟ್ ಎಂದೂ, ಬೇರೆ ಫೈಲಾಗಿದ್ದ ಲೋಗೊವನ್ನು ಓದುಗನ ಬ್ರೌಸರ್ ದಿನಕ್ಕೆ ಒಮ್ಮೆ ತಂದಿಟ್ಟುಕೊಳ್ಳುತ್ತದೆ ಎಂದೂ ಇಟ್ಟುಕೊಳ್ಳಿ.

| ಲೋಗೊ ಎಲ್ಲಿದೆ | ದಿನದ ಡೇಟಾ |
|---|---|
| ಪುಟದೊಳಗೆ, ಸಂಕೋಚನವಿಲ್ಲದೆ | 8.00 ಜಿಬಿ |
| ಪುಟದೊಳಗೆ, ಜಿಜಿಪ್‌ನೊಂದಿಗೆ | 6.12 ಜಿಬಿ |
| ಬೇರೆ ಫೈಲಾಗಿ | 1.58 ಜಿಬಿ |
| ಸಿಎಸ್‌ಎಸ್ ಫೈಲಿನೊಳಗೆ, ಜಿಜಿಪ್‌ನೊಂದಿಗೆ | 1.53 ಜಿಬಿ |

ಮೊದಲ ಮತ್ತು ಮೂರನೇ ಸಾಲಿನ ಅಂತರ 6.42 ಜಿಬಿ. ಅದರಲ್ಲಿ ಅಕ್ಷರಕ್ಕಿಳಿಸಿದ್ದರ ದಂಡ 1.88 ಜಿಬಿ, ಅಂದರೆ ಶೇ 29. ಮಿಕ್ಕ 4.54 ಜಿಬಿ ಪುಟ ತೆರೆದಾಗಲೆಲ್ಲ ಅದೇ ಲೋಗೊ ಹೊಸದಾಗಿ ಬಂದದ್ದರ ಬೆಲೆ. ಅದನ್ನು ಯಾವ ಸಂಕೋಚನವೂ ಇಳಿಸಲಾರದು. ಪುಟದೊಳಗೆ ಹುದುಗಿದ ಚಿತ್ರಕ್ಕೆ ಸ್ವಂತ ವಿಳಾಸವಿಲ್ಲ, ಹಾಗಾಗಿ ಬ್ರೌಸರ್ ಅದನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುವಂತಿಲ್ಲ. ಬೇರೆ ಫೈಲಿಗಾದರೆ ‘ಒಂದು ವರ್ಷ ಮತ್ತೆ ಕೇಳಬೇಡ’ ಎಂದು 3,15,36,000 ಸೆಕೆಂಡಿನ ಅವಧಿ ಕೊಡಬಹುದು.

ಗಮನಿಸಬೇಕಾದ್ದು ಕೊನೆಯ ಸಾಲು. ಅದೇ ಬೇಸ್64 ಅಕ್ಷರಗಳನ್ನು ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಫೈಲಿನಲ್ಲಿ ಇಟ್ಟರೆ ಬೇರೆ ಫೈಲಿಗಿಂತಲೂ ಕಡಿಮೆ ಡೇಟಾ ಸಾಕು. ಸಿಎಸ್‌ಎಸ್ ಬ್ರೌಸರಿನ ಕ್ಯಾಶ್‌ನಲ್ಲಿ (ತಂದಿಟ್ಟುಕೊಂಡ ಫೈಲುಗಳ ಸಂಗ್ರಹದಲ್ಲಿ) ಉಳಿಯುತ್ತದೆ, ಒಂದು ಕೋರಿಕೆಯೂ ಉಳಿತಾಯವಾಗುತ್ತದೆ. ಇದಕ್ಕೂ ಬೆಲೆ ಇದೆ: ಸಿಎಸ್‌ಎಸ್ ಪೂರ್ತಿ ಬರುವ ತನಕ ಬ್ರೌಸರ್ ಪರದೆಯ ಮೇಲೆ ಏನನ್ನೂ ಬಿಡಿಸುವುದಿಲ್ಲ. ಒಂದು ಬಣ್ಣ ಬದಲಿಸಿದರೂ ಚಿತ್ರಸಮೇತ ಇಡೀ ಫೈಲ್ ಮತ್ತೆ ಇಳಿಯಬೇಕು.

ಹಣದ ಲೆಕ್ಕ ಅಷ್ಟೇನೂ ದೊಡ್ಡದಲ್ಲ. ಜಿಬಿಗೆ ₹8 ಎಂದು ಹಿಡಿದರೆ 6.42 ಜಿಬಿಯಂತೆ ತಿಂಗಳಿಗೆ 192.6 ಜಿಬಿ, ಸುಮಾರು ₹1,541. ಲೋಗೊ ಒಂದರ ಮಟ್ಟಿಗೆ ಸೈಟಿನ ಮಾಲೀಕ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಓದುಗನಿಗೆ ತಟ್ಟುವುದು ಕಾಯುವಿಕೆ.

ಮೊದಲ ಕಂತು 14,600 ಬೈಟ್

ಸಂಪರ್ಕ ಆರಂಭವಾದಾಗ ಸರ್ವರ್ ಒಂದೇ ಉಸಿರಿಗೆ ಎಲ್ಲವನ್ನೂ ಕಳಿಸುವುದಿಲ್ಲ. 2013ರ ಆರ್‌ಎಫ್‌ಸಿ 6928ರ ಪ್ರಕಾರ ಮೊದಲ ಕಂತಿನಲ್ಲಿ ಹತ್ತು ಪೊಟ್ಟಣ. ಪೊಟ್ಟಣಕ್ಕೆ 1,460 ಬೈಟಿನಂತೆ 14,600. ‘ತಲುಪಿತು’ ಎಂಬ ಉತ್ತರ ಬಂದ ಮೇಲೆ ಮುಂದಿನ ಕಂತು. ಜಿಜಿಪ್ ಆದ ಮೇಲೆ 12,000 ಬೈಟ್ ಇರುವ ಸುದ್ದಿಪುಟ ಮೊದಲ ಕಂತಿನಲ್ಲೇ ಪೂರ್ತಿ ಮುಟ್ಟುತ್ತದೆ. ಅದರೊಳಗೆ 15,300 ಬೈಟಿನ ಲೋಗೊ ಸೇರಿದರೆ ಒಟ್ಟು 27,300, ಎರಡನೇ ಕಂತು ಬೇಕೇ ಬೇಕು. ಸರ್ವರಿಗೆ ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ ಮೊಬೈಲ್ ಜಾಲದಲ್ಲಿ ಲೋಗೊದ ಹಿಂದೆ ಸಾಲುಗಟ್ಟಿದ ಸುದ್ದಿ 100 ಮಿಲಿಸೆಕೆಂಡ್ ತಡವಾಗುತ್ತದೆ. ಪುಟದ ಕೆಳಗಿರುವ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗಷ್ಟೇ ತರಿಸುವ ಸೌಲಭ್ಯವೂ ಇಲ್ಲಿ ನಡೆಯದು. ಬೈಟ್‌ಗಳು ಆಗಲೇ ಬಂದಾಗಿರುತ್ತದೆ.

ಒಂದು ಕಾಲಕ್ಕೆ ಇದೇ ತಂತ್ರ ಸಮಯ ಉಳಿಸುತ್ತಿತ್ತು. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್‌ಗಳು ಒಂದು ತಾಣಕ್ಕೆ ಏಕಕಾಲದಲ್ಲಿ ಸಾಮಾನ್ಯವಾಗಿ ಆರು ಸಂಪರ್ಕವಷ್ಟೇ ತೆರೆಯುತ್ತವೆ. 30 ಐಕಾನ್ ಇದ್ದರೆ ಐದು ಸರದಿ, 100 ಮಿಲಿಸೆಕೆಂಡಿನಂತೆ ಅರ್ಧ ಸೆಕೆಂಡ್. ಎಲ್ಲವನ್ನೂ ಒಳಗೆ ಹುದುಗಿಸಿದರೆ ಆ ಅರ್ಧ ಸೆಕೆಂಡ್ ಪೂರ್ತಿ ಉಳಿತಾಯ. 2015ರ ಮೇನಲ್ಲಿ ಎಚ್‌ಟಿಟಿಪಿ 2 ಪ್ರಕಟವಾಯಿತು. ಒಂದೇ ಸಂಪರ್ಕದಲ್ಲಿ 30 ಕೋರಿಕೆಗಳೂ ಒಟ್ಟಿಗೆ ಹೋಗುವಂತಾಯಿತು, ಶಿರೋಲೇಖಗಳೂ ಕುಗ್ಗಿದವು. ಅದಕ್ಕೆ ಮೊದಲಿನ ಸಲಹೆ ಇಂದಿಗೆ ಹೊಂದದಿರಲು ಕಾರಣ ಇದು.

ಎಷ್ಟರವರೆಗೆ ಲಾಭ?

ಒಳಗೆ ಹುದುಗಿಸಿದ ಖರ್ಚೂ ಬೇರೆ ಫೈಲಿನ ಖರ್ಚೂ ಸಮವಾಗುವ ಗಾತ್ರ ಯಾವುದು? ಎಚ್‌ಟಿಎಂಎಲ್ ಪುಟಕ್ಕೆ ಜಿಜಿಪ್ ಇದೆ, ಹೆಚ್ಚುವರಿ ಶೇ 2 ಎಂದು ಹಿಡಿದು ಲೆಕ್ಕ ಹಾಕಿದರೆ:

| ಓದುಗ ತೆರೆಯುವ ಪುಟ | ಶಿರೋಲೇಖ 800 ಬೈಟ್ ಆದರೆ | ಶಿರೋಲೇಖ 200 ಬೈಟ್ ಆದರೆ |
|---|---|---|
| 1 | 40,000 ಬೈಟ್ | 10,000 ಬೈಟ್ |
| 2 | 769 ಬೈಟ್ | 192 ಬೈಟ್ |
| 4 | 260 ಬೈಟ್ | 65 ಬೈಟ್ |

ಒಂದರಿಂದ ಎರಡನೇ ಪುಟಕ್ಕೆ ಹೋಗುವಷ್ಟರಲ್ಲಿ ಮಿತಿ 40,000ದಿಂದ 769ಕ್ಕೆ ಕುಸಿಯುತ್ತದೆ. ಜಿಜಿಪ್ ಇಲ್ಲದಿದ್ದರೆ ಒಂದೇ ಪುಟದ ಮಿತಿಯೂ 2,400 ಮತ್ತು 600 ಬೈಟ್. ಸಲಕರಣೆಗಳ 4 ಕೆಬಿ, 8 ಕೆಬಿ ಮಿತಿಗಳು ಚಿತ್ರ ಸೇರುವುದು ಕ್ಯಾಶ್‌ನಲ್ಲಿ ಉಳಿಯುವ ಸಿಎಸ್‌ಎಸ್ ಅಥವಾ ಜಾವಾಸ್ಕ್ರಿಪ್ಟ್ ಫೈಲಿಗೆ ಎಂದಾಗ ಹೊಂದುತ್ತವೆ. ಅದೇ ಮಿತಿಯನ್ನು ಎಚ್‌ಟಿಎಂಎಲ್ ಪುಟಕ್ಕೆ ತಂದು ಹಚ್ಚಿದರೆ ನಷ್ಟ.

ಕನ್ನಡ ಅಕ್ಷರಕ್ಕೆ ಒಂಬತ್ತು, ನಾಲ್ಕು, ಮೂರು

ಎಸ್‌ವಿಜಿ ಚಿತ್ರದ ಮಾತು ಬೇರೆ. ಅದು ಹುಟ್ಟಿನಿಂದಲೇ ಪಠ್ಯ; ಬೇಸ್64 ಮಾಡಿದರೆ ಶೇ 33 ಸುಮ್ಮನೆ ಏರುತ್ತದೆ. ಜಿಜಿಪ್‌ಗೂ ಅಡ್ಡಿ. ಒಂದೇ ಟ್ಯಾಗ್ ಮೂರರ ಗುಂಪಿನಲ್ಲಿ ಯಾವ ಸ್ಥಾನಕ್ಕೆ ಬೀಳುತ್ತದೆ ಎಂಬುದರ ಮೇಲೆ ಮೂರು ಬೇರೆ ಬೇರೆ ರೂಪ ತಾಳುವುದರಿಂದ, ಮರುಕಳಿಸುವ ಭಾಗಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಹಾಗಾಗಿ ಶೇಕಡಾ ಚಿಹ್ನೆ ಬಳಸುವ ಯುಆರ್‌ಎಲ್ ಸಂಕೇತವೇ ಮೇಲು ಎಂಬ ಸಲಹೆ ಚಾಲ್ತಿಯಲ್ಲಿದೆ.

ಚಿತ್ರದೊಳಗೆ ಕನ್ನಡ ಬರಹವೇ ಹೆಚ್ಚಿದ್ದರೆ ಈ ಸಲಹೆ ಉಲ್ಟಾ ಹೊಡೆಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಬೇಸ್64ನ ಗುಂಪೂ ಮೂರರದೇ ಆದ್ದರಿಂದ ತಲಾ ಸರಿಯಾಗಿ 4 ಅಕ್ಷರ. ಯುಆರ್‌ಎಲ್ ಸಂಕೇತದಲ್ಲಿ ಪ್ರತಿ ಬೈಟಿಗೆ 3 ಅಕ್ಷರದಂತೆ 9. ‘ಕರ್ನಾಟಕ’ ಎಂದು ಬರೆಯಲು ಒತ್ತು, ದೀರ್ಘ ಸೇರಿ 7 ಸಂಕೇತ ಬೇಕು: ನೇರ ಬರೆದರೆ 21 ಬೈಟ್, ಬೇಸ್64ನಲ್ಲಿ 28, ಯುಆರ್‌ಎಲ್ ಸಂಕೇತದಲ್ಲಿ 63. ಎಸ್‌ವಿಜಿಯನ್ನು ಇದ್ದ ಹಾಗೇ ಎಚ್‌ಟಿಎಂಎಲ್ ಟ್ಯಾಗಾಗಿ ಪುಟದಲ್ಲಿ ಇಡುವುದೇ ಎಲ್ಲಕ್ಕಿಂತ ಅಗ್ಗ.

ಡೇಟಾಬೇಸಿನ ಖರ್ಚು

ಅಕ್ಷರವಾಗಿರುವ ಚಿತ್ರವನ್ನು ಹಾಗೆಯೇ ಡೇಟಾಬೇಸಿನಲ್ಲಿ ತುಂಬಿಡುವ ಅಭ್ಯಾಸವೂ ಇದೆ. ತಲಾ 50 ಕೆಬಿಯ 10,000 ಅರ್ಜಿ ಫೋಟೊಗಳಿಗೆ ಬೈಟ್ ರೂಪದಲ್ಲಿ 500 ಎಂಬಿ ಸಾಕು. ಬೇಸ್64ನಲ್ಲಿ 667 ಎಂಬಿ. ಅಕ್ಷರಕ್ಕೆ 2 ಬೈಟ್ ಹಿಡಿಯುವ ಕಾಲಂ ಆಯ್ದುಕೊಂಡಿದ್ದರೆ 1,333 ಎಂಬಿ. ಇಲ್ಲಿ ಜಿಜಿಪ್‌ನ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಪ್ರತಿ ಬ್ಯಾಕಪ್ಪಿಗೂ ಇದೇ ಗುಣಾಕಾರ.

ಹೆಚ್ಚು ಕೊಟ್ಟರೂ ಸರಿ ಎನಿಸುವ ಕಡೆ

ಚಿತ್ರವೂ ಪಠ್ಯವೂ ಬೇರೆಯಾಗಲೇಬಾರದ ಕಡೆ ಶೇ 33 ದುಬಾರಿಯಲ್ಲ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಫೈಲಿನಲ್ಲಿ ವ್ಯಕ್ತಿಯ ಫೋಟೊ ಬೇಸ್64 ಅಕ್ಷರಗಳಾಗಿಯೇ ಇರುತ್ತದೆ. ಇಡೀ ಫೈಲಿಗೆ ಡಿಜಿಟಲ್ ಸಹಿ ಬಿದ್ದಿರುವುದರಿಂದ ಫೋಟೊ ಬದಲಿಸಿದರೆ ಸಹಿ ತಾಳೆಯಾಗುವುದಿಲ್ಲ. ತಲಾ 30,000 ಬೈಟಿನ ಹತ್ತು ನಕ್ಷೆಗಳಿರುವ ವರದಿಯನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕಾದರೆ 3,00,000 ಬೈಟ್ 4,00,000 ಆಗುತ್ತದೆ. ಆ ಒಂದು ಲಕ್ಷ ಬೈಟಿಗೆ ಪ್ರತಿಯಾಗಿ, ನೆಟ್ ಇಲ್ಲದ ಊರಿನಲ್ಲೂ ಹತ್ತೂ ನಕ್ಷೆ ಸಹಿತ ವರದಿ ತೆರೆದುಕೊಳ್ಳುತ್ತದೆ.

ಹುದುಗಿಸುವ ಮುನ್ನ ಕೇಳಿಕೊಳ್ಳಬೇಕಾದ ಸಂಖ್ಯೆಗಳು ಮೂರು: ಚಿತ್ರ ಎಷ್ಟು ಬೈಟ್, ಅದೇ ಓದುಗ ಅದನ್ನು ಎಷ್ಟು ಪುಟಗಳಲ್ಲಿ ನೋಡುತ್ತಾನೆ, ಪುಟದ ಮೊದಲ ಕಂತಿನಲ್ಲಿ ಎಷ್ಟು ಜಾಗ ಉಳಿದಿದೆ. ಇವುಗಳಲ್ಲಿ ಎರಡನೆಯದಕ್ಕೆ ಉತ್ತರ ‘ಒಂದೇ ಪುಟ’ ಎಂದಾದರೆ ಹತ್ತು ಸಾವಿರ ಬೈಟಿನ ಚಿತ್ರವೂ ಒಳಗೆ ಇರಬಹುದು. ‘ನಾಲ್ಕು’ ಎಂದಾದರೆ ನೂರು ಬೈಟಿನದಕ್ಕೂ ಯೋಚಿಸಬೇಕು.