ಕೊಟ್ಟವರ ಹೆಸರು

ಕಳೆದ ಮಾಗಿಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಅರಸೀಕೆರೆಯಿಂದ ಬೇಲೂರು ಹಳೇಬೀಡುಗಳಿಗೆ ಹೋಗಿದ್ದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದಿರುವುದನ್ನು ಅವರಿಗೆ ತಿಳಿಸಿದೆ. ಬಳಿಕ ಶಾಸನದ ಮುಂದೆ ನಿಂತು, ದಾನ ಕೊಟ್ಟವನಾರು, ಪಡೆದವನಾರು, ಕೊಟ್ಟ ನೆಲದ ಎಲ್ಲೆ ಯಾವುದು ಎಂಬುದನ್ನೆಲ್ಲ ಹಿಂದಿನವರು ಹೇಗೆ ಊರೆಲ್ಲ ಕಾಣುವಂತೆ ಕಲ್ಲಿನಲ್ಲಿ ನಿಲ್ಲಿಸುತ್ತಿದ್ದರೆಂದು ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸಾರ್, ರಾಜನ ಅನ್ನ ಉಂಡ ಕವಿ ರಾಜನನ್ನು ಹೊಗಳಿದರೆ ಅದನ್ನು ನಂಬುವುದು ಹೇಗೆ?”

“ಪೂರ್ತಿ ನಂಬಬೇಕಾಗಿಲ್ಲಮ್ಮ. ಆದರೆ ಅನ್ನ ಯಾರದೆಂಬುದು ಇಲ್ಲಿ ಗುಟ್ಟಲ್ಲ. ಹೊಗಳಿಕೆಯಲ್ಲಿ ಎಷ್ಟನ್ನು ಕಳೆದು ಓದಬೇಕೆಂದು ನಮಗೆ ತಿಳಿಯುತ್ತದೆ” ಎಂದೆ. ಉತ್ತರವೇನೋ ಕೊಟ್ಟೆ, ಹಳೇಬೀಡಿನ ದಾರಿಯುದ್ದಕ್ಕೂ ಅದು ನನ್ನನ್ನೇ ಚುಚ್ಚುತ್ತಿತ್ತು.

ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಔಷಧ ಕಂಪನಿಯೊಂದರ ಪ್ರತಿನಿಧಿ ಮನೆಗೆ ಬಂದು, ವೈದ್ಯರೊಬ್ಬರ ಇಂಗ್ಲಿಷ್ ಲೇಖನವನ್ನು ತಿಳಿಗನ್ನಡಕ್ಕೆ ತಂದುಕೊಡಬೇಕೆಂದು ಕೇಳಿದರು. ಮೊಣಕಾಲು ನೋವಿನ ವಿಷಯ. ಒಂದು ಮಾತ್ರೆಯ ಗುಣಗಾನ. ಸಂಭಾವನೆ ಕೈತುಂಬ ಬಂತು. ಅಚ್ಚಾದ ಪುಸ್ತಿಕೆಯಲ್ಲಿ ವೈದ್ಯರ ಹೆಸರಿತ್ತು, ನನ್ನ ಹೆಸರಿತ್ತು. ಹಣ ಕೊಟ್ಟವರ ಹೆಸರಿರಲಿಲ್ಲ. ನೆರೆಮನೆಯ ಅಜ್ಜಿ, ಮೇಷ್ಟ್ರು ಬರೆದದ್ದೆಂಬ ಒಂದೇ ನಂಬಿಕೆಯಿಂದ, ತಿಂಗಳುಗಟ್ಟಲೆ ತಮ್ಮ ಪಿಂಚಣಿಯ ಹಣವನ್ನು ಆ ಮಾತ್ರೆಗೆ ಸುರಿದರು. ನೋವು ಹೋಗಲಿಲ್ಲ.

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಗಾದೆ. ಸಂಸಾರಕ್ಕೆ ಅದು ಸರಿ. ವೈದ್ಯಶಾಸ್ತ್ರಕ್ಕೆ ಅದೇ ಕೇಡು. ಜಂತೆ ಎಣಿಸುವುದೇ ಸಂಶೋಧಕನ ಕೆಲಸವಲ್ಲವೆ? 1967ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಹಾರ್ವರ್ಡಿನ ವಿದ್ವಾಂಸರ ವಿಮರ್ಶಾಲೇಖನವೊಂದು ಪ್ರಕಟವಾಯಿತು. ಹೃದ್ರೋಗದ ವಿಷಯದಲ್ಲಿ ಅದು ಸಕ್ಕರೆಯ ಪಾತ್ರವನ್ನು ಹಗುರಗೊಳಿಸಿ ಕೊಬ್ಬಿನತ್ತ ಬೆರಳು ತೋರಿಸಿತು. ಅದನ್ನು ಬರೆಯಿಸಲು ಸಕ್ಕರೆ ಉದ್ಯಮದ ಸಂಸ್ಥೆ 6,500 ಡಾಲರು ಕೊಟ್ಟಿತ್ತೆಂಬ ಸಂಗತಿ ಹಳೆಯ ಕಾಗದಪತ್ರಗಳಿಂದ ಬೆಳಕಿಗೆ ಬಂದದ್ದು 2016ರಲ್ಲಿ. ಬರೆದವರು ಅಷ್ಟರಲ್ಲಿ ಕಾಲವಾಗಿದ್ದರು. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಹನ್ನೆರಡು ಮಕ್ಕಳನ್ನು ಕುರಿತು ಬರೆದ ಲೇಖನ, ದಡಾರದ ಲಸಿಕೆಯ ಬಗ್ಗೆ ತಾಯ್ತಂದೆಯರಲ್ಲಿ ಭೀತಿ ಹುಟ್ಟಿಸಿತು. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರಿಗಾಗಿ ವೇಕ್‌ಫೀಲ್ಡ್ ಕೆಲಸ ಮಾಡುತ್ತಿದ್ದುದು ಹೊರಬಿದ್ದದ್ದು 2004ರಲ್ಲಿ. ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಅಷ್ಟರೊಳಗೆ ಲಸಿಕೆ ತಪ್ಪಿದ ಮಕ್ಕಳು ಎಷ್ಟೋ!

ಮೇಲೆ ಹೇಳಿದ ಅಮೆರಿಕದ ಪತ್ರಿಕೆ, ಲೇಖಕರು ತಮ್ಮ ಹಣಕಾಸಿನ ಸಂಬಂಧಗಳನ್ನು ತಿಳಿಸಬೇಕೆಂಬ ನಿಯಮವನ್ನು 1984ರಲ್ಲಿ ತಂದಿತು. ನಮ್ಮಲ್ಲಿಯೂ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2009ರಲ್ಲಿ ಒಂದು ಕಟ್ಟಳೆ ವಿಧಿಸಿತು: ಸಂಶೋಧನೆಗೆ ಹಣ ಯಾರದು, ಎಷ್ಟು ಎಂಬುದು ಆರಂಭದಲ್ಲಿಯೇ ಬಹಿರಂಗವಾಗಬೇಕು, ವೈದ್ಯರು ಯಾವ ಕಂಪನಿಯ ಔಷಧವನ್ನೂ ಸಾರ್ವಜನಿಕವಾಗಿ ಅನುಮೋದಿಸಬಾರದು.

ಹಣ ಪಡೆದ ಮಾತ್ರಕ್ಕೆ ಬರೆದದ್ದು ಸುಳ್ಳಾಗುವುದಿಲ್ಲ. ಹೆಸರು ಹೇಳಿದ ಮಾತ್ರಕ್ಕೆ ಸುಳ್ಳು ನಿಜವೂ ಆಗುವುದಿಲ್ಲ. ಆದರೆ ಹೇಳಿದಾಗ ತಕ್ಕಡಿ ಓದುಗನ ಕೈಗೆ ಬರುತ್ತದೆ. ಹೊಯ್ಸಳರ ಹೊಗಳಿಕೆಯನ್ನು ನಂಬಿ ಇಂದು ಯಾರಿಗೂ ನಷ್ಟವಿಲ್ಲ. ಔಷಧದ ಹೊಗಳಿಕೆಯನ್ನು ನಂಬುವವನು ರೋಗಿ. ಪರೀಕ್ಷಿಸಿ ನೋಡುವ ಶಕ್ತಿ ಅವನಿಗೆಲ್ಲಿಯದು?

ಪ್ರವಾಸದಿಂದ ಹಿಂದಿರುಗಿದ ಮರುದಿನ ಅಜ್ಜಿಯ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಇದನ್ನೇ ಆವಾಗ ಒಂದು ಗೆರೆ ಬರೆದಿದ್ದರೆ, ದುಡ್ಡು ಕೊಡೋ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳ್ತಿದ್ದೆನಲ್ಲಪ್ಪ” ಎಂದರು.

ಆ ಒಂದು ಗೆರೆಯನ್ನು, ತಡವಾಗಿಯಾದರೂ, ಇಲ್ಲಿ ಬರೆದಿದ್ದೇನೆ.