ಚರಗದ ಸುತ್ತು ಮತ್ತು ವರ್ತುಲ ರಸ್ತೆ: ದಾವಣಗೆರೆ ಪರಿಸರದ ಗಡಿಯಾಚರಣೆಗಳನ್ನು ಕುರಿತು

ನಗರವೊಂದರ ಸುತ್ತ ರಸ್ತೆ ನಿರ್ಮಿಸುವುದು, ಇದ್ದ ರಸ್ತೆಯನ್ನು ಅಗಲಗೊಳಿಸಿ ಮೇಲ್ದರ್ಜೆಗೇರಿಸುವುದು ಲೋಕೋಪಯೋಗಿ ಇಲಾಖೆಗೂ ನಗರ ಯೋಜಕರಿಗೂ ಸೇರಿದ ವಿಷಯ. ಜಾನಪದ ಅಧ್ಯಯನಕ್ಕೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಊರನ್ನು ಸುತ್ತುವ ಕ್ರಿಯೆ ನಮ್ಮ ಜನಪದರಿಗೆ ಹೊಸದೇನಲ್ಲ. ಮಾರಿಹಬ್ಬದಲ್ಲಿ ಚರಗ ಚೆಲ್ಲುವವರು ಊರಿನ ಸೀಮೆಯನ್ನು ಸುತ್ತಿ ಬರುತ್ತಾರೆ. ರೋಗರುಜಿನಗಳ ಕಾಲದಲ್ಲಿ ಅಜ್ಜಿಯನ್ನು ಗಡಿಗೆ ಒಯ್ದು ಬಿಟ್ಟು ಬರುತ್ತಾರೆ. ಈ ಸುತ್ತು ಯಾವ ನಕ್ಷೆಯಲ್ಲಿಯೂ ಬರೆದಿಟ್ಟದ್ದಲ್ಲ. ಕಾಲಿನ ನೆನಪಿನಲ್ಲಿ ಮಾತ್ರ ಉಳಿದುಬಂದದ್ದು. ವರ್ತುಲ ರಸ್ತೆ ಬಹುಮಟ್ಟಿಗೆ ಇದೇ ನೆಲದ ಮೇಲೆ, ಅಂದರೆ ಊರು ಮುಗಿದು ಹೊಲ ಆರಂಭವಾಗುವ ಅಂಚಿನಲ್ಲಿ ಹಾಯುತ್ತದೆ. ಹೀಗೆ ಒಂದು ಸುತ್ತಿನ ಮೇಲೆ ಮತ್ತೊಂದು ಸುತ್ತು ಬಿದ್ದಾಗ ಏನಾಗುತ್ತದೆ, ಅದರಲ್ಲಿ ದಾಖಲಾಗದೆ ಅಳಿಯುವುದು ಯಾವುದು ಎಂಬುದನ್ನು ದಾವಣಗೆರೆ ಹಾಗೂ ಅದರ ಸುತ್ತಲಿನ ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾವಣಗೆರೆ ದಾರಿಗಳಿಂದಲೇ ಹುಟ್ಟಿದ ಊರು. ಊರಿನ ಹೆಸರಿಗೆ ಜನ ಹೇಳುವ ನಿಷ್ಪತ್ತಿಯಲ್ಲಿಯೇ ಈ ಮಾತು ಅಡಗಿದೆ. ದನ, ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗಕ್ಕೆ ದಾವಣಿ ಎಂದು ಹೆಸರು. ದಾವಣಿ ಕಟ್ಟುತ್ತಿದ್ದ ಕೆರೆಯೇ ದಾವಣಗೆರೆ ಎಂಬುದು ಜನರ ವಿವರಣೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವರೋ ಬಿಡುವರೋ, ತಮ್ಮ ಊರು ದಣಿದ ಪ್ರಾಣಿಗಳು ತಂಗುವ ತಾಣವಾಗಿತ್ತೆಂದು ಜನ ನೆನೆಯುವುದು ಜಾನಪದದ ದೃಷ್ಟಿಯಿಂದ ಮುಖ್ಯ. ಮೊದಲು ಬೇತೂರಿಗೆ ಸೇರಿದ ಸಣ್ಣ ಗ್ರಾಮವಾಗಿದ್ದ ಇದನ್ನು ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಮುಖಂಡನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತಿಳಿಸುತ್ತದೆ. ನಗರ ಸೀಮೆಯ ಅಡಿಕೆ ಮೆಣಸುಗಳು ವಾಲಾಜಾಪೇಟೆಯ ಕಡೆಗೆ ಹೋಗುತ್ತಿದ್ದದ್ದು ಇಲ್ಲಿನ ಲಿಂಗಾಯತ ವರ್ತಕರ ಮೂಲಕ.

ಇಂದಿಗೂ ಊರಿನೊಳಗೆ ಬರುವ ದಾರಿಗಳು ಹಿಂದಿನ ಸರಕುಗಳ ದಿಕ್ಕನ್ನೇ ಹೇಳುತ್ತವೆ. ದಕ್ಷಿಣದಿಂದ ಬರುವುದು ಚನ್ನಗಿರಿಯ ದಾರಿ. ಅದರ ಬೆನ್ನಿಗೆ ಸೂಳೆಕೆರೆ, ಸಂತೆಬೆನ್ನೂರು, ಅಡಿಕೆ ತೋಟಗಳು. ನೈಋತ್ಯದಿಂದ ತುಂಗಭದ್ರೆಯ ದಂಡೆಯ ಹೊನ್ನಾಳಿಯ ದಾರಿ. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಪೇಟೆಯಾಗಿದ್ದ ನ್ಯಾಮತಿಯ ಸರಕು ಇದರಲ್ಲಿಯೇ ಬಂದು ಸೇರುತ್ತದೆ. ಈಶಾನ್ಯದಿಂದ ಜಗಳೂರಿನ ದಾರಿ. ಅದು ಮಳೆಯಾಶ್ರಯದ ನೆಲ, ಕುರಿಮಂದೆಗಳ ನೆಲ. ಇವು ಒಂದೇ ಜಿಲ್ಲೆಗೆ ಸೇರಿದ್ದು 1997ರ ಆಗಸ್ಟ್ 15ರಂದು. ಅದುವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಆಸ್ಪತ್ರೆ, ಕಾಲೇಜುಗಳಿಗಾಗಿ ಈ ನಾಲ್ಕೂ ತಾಲ್ಲೂಕುಗಳ ಜನ ದಾವಣಗೆರೆಗೆ ಬರುವುದು ಹೆಚ್ಚಿತು. 2007ರಲ್ಲಿ ನಗರಸಭೆ ಮಹಾನಗರಪಾಲಿಕೆಯಾಯಿತು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿಯೂ ಈ ನಗರದ ಹೆಸರಿತ್ತು.

ವರ್ತುಲ ರಸ್ತೆಯ ತರ್ಕ ಸರಳವಾದುದು. ಒಂದು ದಿಕ್ಕಿನಿಂದ ಬಂದು ಮತ್ತೊಂದು ದಿಕ್ಕಿಗೆ ಹೋಗಬೇಕಾದ ಮೆಕ್ಕೆಜೋಳದ ಲಾರಿ ಪೇಟೆಯ ನಡುವೆ ಹಾಯದೆ ಅಂಚಿನಲ್ಲಿಯೇ ತಿರುಗಿ ಹೋಗಬೇಕು. ಪುಣೆ-ಬೆಂಗಳೂರು ಹೆದ್ದಾರಿ ಒಂದು ಕಾಲದಲ್ಲಿ ಊರಿನ ನಡುವೆಯೇ ಹಾಯುತ್ತಿತ್ತು. ಆ ಬೀದಿ ಇಂದಿಗೂ ಪಿ.ಬಿ. ರಸ್ತೆಯೆಂಬ ಹೆಸರನ್ನು ಉಳಿಸಿಕೊಂಡಿದೆ. ಹೆದ್ದಾರಿ ಉತ್ತರಕ್ಕೆ ಸರಿದು ಬೈಪಾಸ್ ಆಯಿತು. ಉಳಿದ ಪಾರ್ಶ್ವಗಳ ಸುತ್ತು ತುಂಡು ತುಂಡಾಗಿ, ಬೇರೆ ಬೇರೆ ಕಾಲಗಳಲ್ಲಿ ಬೆಳೆಯುತ್ತ ಬಂದಿತು. ಶಾಮನೂರು, ನಿಟ್ಟುವಳ್ಳಿ, ಆವರಗೆರೆ, ಕುಂದವಾಡಗಳಂಥ ಗ್ರಾಮಗಳು ಈ ಬೆಳವಣಿಗೆಯಲ್ಲಿ ನಗರದೊಳಗೆ ಸೇರಿಹೋದವು. ಊರುಗಳು ಸೇರಿದುವು ನಿಜ, ಅವುಗಳ ಸೀಮೆಗಳು ಸೇರಲಿಲ್ಲ. ನಮ್ಮ ವಿಷಯ ಆರಂಭವಾಗುವುದು ಇಲ್ಲಿಂದ.

ಸೀಮೆಯೆಂಬುದು ಕಂದಾಯದ ಗೆರೆಯಲ್ಲ. ಶಾಸನಗಳ ಕಾಲದಿಂದಲೂ ಅದನ್ನು ವಸ್ತುಗಳ ಮೂಲಕವೇ ಗುರುತಿಸಲಾಗಿದೆ. ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳೂ 11ನೆಯ ಸಂಪುಟದಲ್ಲಿ ದಾವಣಗೆರೆ, ಜಗಳೂರುಗಳ ಶಾಸನಗಳೂ ಅಚ್ಚಾಗಿವೆ. ದತ್ತಿಶಾಸನಗಳ ಎಲ್ಲೆ ಹೇಳುವ ಭಾಗವನ್ನು ಓದಿದವರಿಗೆ ಅದರ ಕ್ರಮ ಗೊತ್ತು: ದಿಕ್ಕಿನಿಂದ ದಿಕ್ಕಿಗೆ ಕಲ್ಲು, ಮರ, ಹಳ್ಳ, ಕೆರೆಯ ಕೋಡಿ ಎಂದು ಹೆಸರಿಸುತ್ತ ಬಂದು ಮೊದಲಿನ ಸ್ಥಳಕ್ಕೆ ಸೇರುವುದು. ಅದೊಂದು ನಡಿಗೆಯ ವರದಿ. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು, ಮುಕ್ಕೊಡೆಯ ಕಲ್ಲುಗಳು ಈ ನಡಿಗೆಯ ನಿಲ್ದಾಣಗಳು. ಇತಿಹಾಸಕಾರರು ಈ ಭಾಗವನ್ನು ಸಾಮಾನ್ಯವಾಗಿ ಬೇಗ ದಾಟಿ ರಾಜನ ಹೆಸರಿಗೆ ಹೋಗುತ್ತಾರೆ. ಜಾನಪದ ವಿದ್ಯಾರ್ಥಿ ನಿಲ್ಲಬೇಕಾದದ್ದು ಇಲ್ಲಿಯೇ. ಏಕೆಂದರೆ ಚರಗದವರು ಇಂದಿಗೂ ಇದೇ ಬಗೆಯಲ್ಲಿ ನಡೆಯುತ್ತಾರೆ.

ಚರಗವೆಂದರೆ ದೇವತೆಗೆ ಒಪ್ಪಿಸಿದ ಅನ್ನ, ಜೋಳ ಮೊದಲಾದವುಗಳ ಮಿಶ್ರಣ. ಎಳ್ಳಮಾವಾಸ್ಯೆಯಲ್ಲೋ ಸೀಗೆ ಹುಣ್ಣಿಮೆಯಲ್ಲೋ ರೈತರು ತಮ್ಮ ಹೊಲದಲ್ಲಿ ಚೆಲ್ಲುವುದು ಭೂಮಿತಾಯಿಯ ಚರಗ. ಮಾರಿಹಬ್ಬದಲ್ಲಿ ಇಡೀ ಊರಿನ ಪರವಾಗಿ ಸೀಮೆಯ ಉದ್ದಕ್ಕೂ ಚೆಲ್ಲುವುದು ಗ್ರಾಮದೇವತೆಯ ಚರಗ. ಹಿಂದೆ ಎರಡನೆಯದರಲ್ಲಿ ಬಲಿಯ ರಕ್ತವನ್ನು ಬೆರೆಸುತ್ತಿದ್ದರು. 1959ರ ಪ್ರಾಣಿಬಲಿ ತಡೆ ಅಧಿನಿಯಮ ಹಾಗೂ ಆಡಳಿತದ ನಿಗಾದಿಂದ ಆ ಅಂಶ ಬದಲಾಗುತ್ತ ಬಂದಿದೆ. ಬಲಿಯ ಸುತ್ತ ನಡೆದ ಚರ್ಚೆಯ ಗದ್ದಲದಲ್ಲಿ ನಮ್ಮ ಅಧ್ಯಯನಗಳೂ ಬಲಿಯನ್ನೇ ನೋಡುತ್ತ ಸುತ್ತನ್ನು ಮರೆತವು ಎಂದು ನನಗೆ ಅನ್ನಿಸುತ್ತದೆ. ಚರಗದ ತಿರುಳಿರುವುದು ಚೆಲ್ಲುವ ವಸ್ತುವಿನಲ್ಲಿ ಅಷ್ಟಾಗಿ ಅಲ್ಲ, ಚೆಲ್ಲುವ ದಾರಿಯಲ್ಲಿ. ನಸುಕಿನಲ್ಲಿ ಹೊರಟವರು ಎಲ್ಲಿ ಬಲಕ್ಕೆ ತಿರುಗಬೇಕು, ಯಾವ ಬೇವಿನ ಮರದ ಬುಡದಲ್ಲಿ ನಿಲ್ಲಬೇಕು ಎಂಬುದು ಹಿರಿಯರಿಂದ ಕಿರಿಯರಿಗೆ ಜೊತೆಯಲ್ಲಿ ನಡೆಯುವುದರಿಂದಲೇ ತಿಳಿಯತಕ್ಕದ್ದು. ನೆರೆಯೂರಿನವರು ತಮ್ಮ ಸೀಮೆಯೊಳಗೆ ಅದು ಬೀಳದಂತೆ ಕಾಯುತ್ತಿದ್ದುದೂ ಉಂಟು. ಹೀಗೆ ಎರಡು ಊರುಗಳ ಜನ ಒಂದೇ ರಾತ್ರಿ ಒಂದೇ ಗೆರೆಯ ಎರಡು ಬದಿಗೆ ನಿಂತು ಆ ಗೆರೆಯನ್ನು ಪರಸ್ಪರ ಒಪ್ಪಿಕೊಳ್ಳುತ್ತಿದ್ದರು. ಸರ್ವೆ ಇಲಾಖೆಯ ಮೋಜಣಿಗಿಂತ ಇದು ಕಡಿಮೆ ಖಚಿತವಾದುದೆಂದು ಹೇಳಲಾಗದು.

ದಾವಣಗೆರೆಯ ನಗರದೇವತೆ ದುಗ್ಗಮ್ಮ. ಎರಡು ವರ್ಷಗಳಿಗೊಮ್ಮೆ ನಡೆಯುವ ಆಕೆಯ ಜಾತ್ರೆಯಲ್ಲಿ ಚರಗ ಚೆಲ್ಲುವುದು ಇಂದಿಗೂ ಮುಖ್ಯ ವಿಧಿ. ಲಕ್ಷಗಟ್ಟಲೆ ಜನಸಂಖ್ಯೆಯ, ಪಾಲಿಕೆಯಿರುವ ನಗರವೊಂದು ತನ್ನ ಸೀಮೆಯನ್ನು ಹೀಗೆ ಕಟ್ಟಿಕೊಳ್ಳುತ್ತಿರುವುದು ಗಮನಾರ್ಹ. ನಗರೀಕರಣದಿಂದ ಗ್ರಾಮದೇವತೆಯ ಆರಾಧನೆ ಕ್ಷೀಣಿಸುತ್ತದೆಂಬ ಹಳೆಯ ಊಹೆ ಇಲ್ಲಿ ನಿಲ್ಲುವುದಿಲ್ಲ. ನಿಜವಾಗಿ ಎದ್ದಿರುವ ಪ್ರಶ್ನೆ ಬೇರೆ: ಊರು ಹಳೆಯ ಸುತ್ತನ್ನು ದಾಟಿ ಬೆಳೆದಾಗ ಚರಗ ಹಳೆಯ ಸೀಮೆಯಲ್ಲಿಯೇ ನಿಲ್ಲಬೇಕೋ ಹೊಸ ಬಡಾವಣೆಗಳನ್ನೂ ಒಳಗೊಳ್ಳಬೇಕೋ? ಒಳಗೊಂಡರೆ ಶಾಮನೂರಿನಂಥ ಊರು ತನ್ನ ಗ್ರಾಮದೇವತೆಗೆ ಕಟ್ಟಿಕೊಂಡ ಸೀಮೆಯ ಗತಿಯೇನು?

ಅಜ್ಜಿಹಬ್ಬದ ಸಂಗತಿ ಇನ್ನೊಂದು ಬಗೆಯದು. ಈ ಭಾಗದ ಹಳ್ಳಿಗಳಲ್ಲಿ ಮಳೆಗಾಲದ ಆರಂಭದಲ್ಲಿ ಮಕ್ಕಳಿಗೆ, ದನಕರುಗಳಿಗೆ ರೋಗ ಬಾರದಿರಲೆಂದು ಹೋಳಿಗೆ, ಮೊಸರನ್ನ ಮಾಡಿ, ಮೊರದಲ್ಲಿ ಬಳೆ, ಬೇವಿನ ಸೊಪ್ಪುಗಳ ಜೊತೆಗೆ ಊರ ಹೊರಗೆ ಮರದ ಬುಡದಲ್ಲಿ ಇಟ್ಟು ಬರುತ್ತಾರೆ. ಅಜ್ಜಿಯನ್ನು ಓಡಿಸುವುದಿಲ್ಲ, ಉಣಿಸಿ, ಉಡಿ ತುಂಬಿ ಕಳುಹಿಸುತ್ತಾರೆ. ಗಡಿಮಾರಿಯ ಆಚರಣೆಯಲ್ಲಿ ಒಂದೂರಿನವರು ತಮ್ಮ ಗಡಿಯವರೆಗೆ ತಂದು ಬಿಟ್ಟ ಮಾರಿಯ ಪುಟ್ಟ ಗಾಡಿಯನ್ನು ಮುಂದಿನ ಊರಿನವರು ಪೂಜಿಸಿ ತಮ್ಮ ಇನ್ನೊಂದು ಗಡಿಗೆ ಮುಟ್ಟಿಸುತ್ತಾರೆ. ಊರಿಂದೂರಿಗೆ ಸಾಗುವ ಈ ಸರಪಳಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಅದೂ ಒಂದು ರಸ್ತೆಯ ಜಾಲವೇ. ಹೊರಬೀಡಿನಲ್ಲಂತೂ ಊರಿಗೆ ಊರೇ ಬಾಗಿಲಿಕ್ಕಿ ಸೀಮೆಯಾಚೆ ಬೀಡು ಬಿಡುತ್ತದೆ. ದಾರಿಗಳಿಗೆ ಮುಳ್ಳುಬೇಲಿ ಬೀಳುತ್ತದೆ. ಊರೊಳಗಿನ ಬಂಡಿದಾರಿಗೆ ಬೇಲಿ ಹಾಕಬಹುದು, ಹೆದ್ದಾರಿಗೆ ಹಾಕಲಾಗದು. ದೊಡ್ಡ ರಸ್ತೆ ಊರನ್ನು ಹಾಯ್ದಲ್ಲಿ ಈ ಆಚರಣೆಗೆ ಬೀಳುವ ಮೊದಲ ಪೆಟ್ಟು ಇದೇ.

ರಸ್ತೆ ಬರುವಾಗ ಈ ಸ್ಥಳಗಳಿಗೆ ಕಾಗದದಲ್ಲಿ ಏನು ಸ್ಥಾನವಿದೆಯೆಂಬುದನ್ನು ನೋಡಬೇಕು. ಗಡಿಗಲ್ಲು, ಭೂತಪ್ಪನ ಗುಂಡು, ಮಾರಿಯನ್ನು ಬಿಡುವ ಬೇವಿನ ಬುಡ ಇವು ಬಹುಪಾಲು ಖರಾಬಿನಲ್ಲಿಯೋ ಯಾರದೋ ಸರ್ವೆ ನಂಬರಿನ ಬದುವಿನಲ್ಲಿಯೋ ಇರುತ್ತವೆ. ಊರಿಗೆ ಅತ್ಯಂತ ಮುಖ್ಯವಾದ ನೆಲವನ್ನು ಪಹಣಿ ಖರಾಬು ಎಂದು ಕರೆಯುತ್ತದೆ. ಪರಿಹಾರ ಸಲ್ಲುವುದು ಭೂಮಿಗೆ, ಬೆಳೆಗೆ, ಮರಕ್ಕೆ, ಕಟ್ಟಡಕ್ಕೆ, ಕಲ್ಲಿಗೆ ಒಡೆಯನಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದೆ ಹೋಗಿತ್ತು. ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಅದರಲ್ಲಿ ದನಗಳ ನೀರಿನ ನೆಲೆ, ಗೋಮಾಳ, ಪೂಜಾಸ್ಥಳ, ಸ್ಮಶಾನಗಳ ಮೇಲಾಗುವ ಪರಿಣಾಮವನ್ನೂ ಪರಿಗಣಿಸಬೇಕು ಎಂದು ಅದರ 4ನೆಯ ಪ್ರಕರಣ ಹೇಳುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿಗಳಿಗೆ 1956ರ ಪ್ರತ್ಯೇಕ ಕಾಯ್ದೆಯಡಿ ಭೂಮಿ ಪಡೆಯುವುದರಿಂದ ಈ ಅಧ್ಯಯನ ಅಲ್ಲಿಗೆ ಅನ್ವಯಿಸದು. 2019ರ ಕರ್ನಾಟಕ ತಿದ್ದುಪಡಿಯು ಮೂಲಸೌಕರ್ಯ ಯೋಜನೆಗಳಿಗೂ ಇದರಿಂದ ವಿನಾಯಿತಿ ನೀಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಹೀಗಾಗಿ ವರ್ತುಲ ರಸ್ತೆ ರಾಷ್ಟ್ರೀಯ ಹೆದ್ದಾರಿಯ ಭಾಗವಾದರೂ ರಾಜ್ಯದ ಯೋಜನೆಯಾದರೂ ಗಡಿಗಲ್ಲು ಎಲ್ಲಿದೆಯೆಂದು ಕೇಳಲೇಬೇಕಾದ ಸಂದರ್ಭ ಬಾರದೆ ಹೋಗಬಹುದು.

ಗುಡಿ ಕಟ್ಟಿದ್ದರೆ ಮಾತು ಬೇರೆ. 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಾಲಯವನ್ನು ಕೆಡವಿದಾಗ ರಾಜ್ಯದಾದ್ಯಂತ ವಿರೋಧ ಎದ್ದು, ಅದೇ ತಿಂಗಳು ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ಮಸೂದೆಯನ್ನು ಅಂಗೀಕರಿಸಿತು. ಆ ಕಾಯ್ದೆಯ ರಕ್ಷಣೆ ಕಟ್ಟಡಕ್ಕೆ. ಗಡಿಯ ದೈವಗಳಲ್ಲಿ ಹೆಚ್ಚಿನವು ಚಾವಣಿಯನ್ನು ಒಲ್ಲದವು. ಬಿಸಿಲು ಮಳೆಗೆ ನಿಲ್ಲುವುದೇ ಅವುಗಳ ಲಕ್ಷಣ. ಇದರಿಂದ ಒಂದು ವಿಚಿತ್ರ ಪ್ರವೃತ್ತಿ ಬೆಳೆಯುವ ಸಂಭವವಿದೆ. ಕಲ್ಲು ಉಳಿಯಬೇಕಾದರೆ ಅದಕ್ಕೆ ಗುಡಿ ಬೇಕು, ಗುಡಿಗೆ ಗೋಪುರ ಬೇಕು, ಆಮೇಲೆ ನಿತ್ಯಪೂಜೆ ಬೇಕು. ವರ್ಷಕ್ಕೊಮ್ಮೆ ಊರಿಗೆ ಬೇಕಾಗುತ್ತಿದ್ದ ಗಡಿಯಮ್ಮ ಹೀಗೆ ದಿನವೂ ಹುಂಡಿಯಿಡುವ ದೇವತೆಯಾದರೆ ಅದನ್ನು ಉಳಿಕೆಯೆನ್ನಬೇಕೋ ಅಳಿವೆನ್ನಬೇಕೋ ನಾನು ತೀರ್ಮಾನಿಸಲಾರೆ.

ರಸ್ತೆಯೇ ಬೇಡವೆಂಬುದು ಈ ಲೇಖನದ ವಾದವಲ್ಲ. ಜಗಳೂರಿನ ರೋಗಿಯೊಬ್ಬ ಆಸ್ಪತ್ರೆಯನ್ನು ಅರ್ಧ ಗಂಟೆ ಮೊದಲು ಮುಟ್ಟುವುದು ಯಾವ ಚರಗಕ್ಕಿಂತಲೂ ಕಡಿಮೆ ಪುಣ್ಯದ ಕೆಲಸವಲ್ಲ. ಜನಪದರೂ ರಸ್ತೆಯನ್ನು ಬೇಗನೆ ತಮ್ಮದಾಗಿಸಿಕೊಳ್ಳುತ್ತಾರೆ. ಅಪಘಾತವಾಗುವ ತಿರುವಿನಲ್ಲಿ ಚೌಡಮ್ಮನೊಬ್ಬಳು ಕಾಣಿಸಿಕೊಳ್ಳುತ್ತಾಳೆ, ಹೊಸ ವಾಹನದ ಗಾಲಿಯಡಿ ನಿಂಬೆಹಣ್ಣು ಸೇರುತ್ತದೆ, ಸೇತುವೆ ಬಲಿ ಕೇಳುತ್ತದೆಂಬ ಹಳೆಯ ಕಥೆ ಹೊಸ ಮೇಲ್ಸೇತುವೆಗೆ ಅಂಟಿಕೊಳ್ಳುತ್ತದೆ. ಆದರೆ ಎಲ್ಲವೂ ಹೀಗೆ ಹೊಂದಿಕೊಳ್ಳದು ಎಂಬುದಕ್ಕೆ ನಿದರ್ಶನ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಯಾತ್ರೆ ಬರುವ ಸೂರಗೊಂಡನಕೊಪ್ಪ ಇಲ್ಲಿಯದು. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದ ಆ ಸಮುದಾಯದ ವೃತ್ತಿಯನ್ನು 19ನೆಯ ಶತಮಾನದ ಬಂಡಿರಸ್ತೆ ಮತ್ತು ರೈಲುಗಳು ಕೆಲವೇ ದಶಕಗಳಲ್ಲಿ ಮುಗಿಸಿದವು. ಅವರ ಹಾಡುಗಳು ಉಳಿದವು. ಆದರೆ ಹೇರೆತ್ತಿನ ದಾರಿಗಳು ಎಲ್ಲೆಲ್ಲಿ ಹಾಯುತ್ತಿದ್ದವು, ಎಲ್ಲಿ ತಂಗುತ್ತಿದ್ದವು ಎಂಬುದನ್ನು ಆಗ ಯಾರೂ ಕ್ರಮವಾಗಿ ಕೇಳಿ ಬರೆದುಕೊಳ್ಳಲಿಲ್ಲ. ಇಂದು ಬಂಜಾರ ಗೀತೆಗಳನ್ನು ಸಂಪಾದಿಸುವವರು ಸ್ಥಳನಾಮಗಳ ಬಳಿ ತಡವರಿಸುವುದಕ್ಕೆ ಇದೇ ಕಾರಣ.

ಈ ಅನುಭವದ ಬೆಳಕಿನಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ರಸ್ತೆಯ ಗಡಿ ಗುರುತಿಸಿ ಕಲ್ಲು ನೆಡುವ ಮುನ್ನ ಆಯಾ ಊರಿನ ಚರಗದವರ ಜೊತೆ ಒಮ್ಮೆ ಸೀಮೆ ನಡೆದು, ನಿಲ್ಲುವ ಪ್ರತಿಯೊಂದು ಸ್ಥಳವನ್ನು ಸರ್ವೆ ನಂಬರಿನೊಂದಿಗೆ ಗ್ರಾಮನಕ್ಷೆಯ ಮೇಲೆ ಗುರುತಿಸಬೇಕು. ಜಾನಪದ ವಿಭಾಗವಿರುವ ವಿಶ್ವವಿದ್ಯಾಲಯಗಳೂ ಅಕಾಡೆಮಿಯೂ ಇದನ್ನು ವಹಿಸಿಕೊಳ್ಳಬಹುದು. ಒಂದು ಊರಿಗೆ ಎರಡು ದಿನ ಸಾಕು. ಕಲ್ಲನ್ನು ಸರಿಸಲೇಬೇಕಾದರೆ ಎಲ್ಲಿಗೆ ಎಂಬುದನ್ನು ನಿರ್ಣಯಿಸಬೇಕಾದವರು ಅದರ ಎರಡೂ ಬದಿಯ ಊರಿನವರು, ಗುತ್ತಿಗೆದಾರನಲ್ಲ. ಕೆಲಸವನ್ನು ಜಗಳೂರು ದಾರಿಯಿಂದ ಆರಂಭಿಸುವುದು ಸೂಕ್ತ. ಆ ಕಡೆಯ ಕುರಿಗಾರರು ಸುಗ್ಗಿ ಮುಗಿದ ಮೇಲೆ ಮಂದೆಗಳನ್ನು ಹೊಡೆದುಕೊಂಡು ನೀರಾವರಿಯ ಕಡೆಗೆ, ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಬರುತ್ತಾರೆ. ರಾತ್ರಿ ಮಂದೆ ತಂಗಿದ ಗದ್ದೆಗೆ ಗೊಬ್ಬರ, ಕುರಿಗಾರನಿಗೆ ಕಾಳು. ಅವರು ಊರೊಳಗೆ ಬಾರದೆ ಗಡಿಯಿಂದ ಗಡಿಗೆ ನಡೆಯುವವರಾದ್ದರಿಂದ ಹತ್ತಾರು ಊರುಗಳ ಸೀಮೆಗಲ್ಲುಗಳನ್ನು ಒಟ್ಟಿಗೆ ಬಲ್ಲವರು ಅವರೇ. ನಡುವೆ ವಿಭಜಕವಿರುವ ರಸ್ತೆಯನ್ನು ಮುನ್ನೂರು ಕುರಿಗಳೊಂದಿಗೆ ಎಲ್ಲಿ ದಾಟಬೇಕೆಂಬುದನ್ನೂ ಅವರನ್ನೇ ಕೇಳಬಹುದು.