ಸಾಂಗಲಿ-ಮಿರಜದಲ್ಲಿ ಹಾಲು-ತುಪ್ಪವಿಲ್ಲದ, ಎಣ್ಣೆ ಕಡಿಮೆಯಿರುವ ಊಟ

ಗಡಿಭಾಗದ ಕನ್ನಡ ಕುಟುಂಬಗಳು ಸಾಂಗಲಿಗೂ ಅದಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದ ಮಿರಜಕ್ಕೂ ಹೋಗುವುದು ಮುಖ್ಯವಾಗಿ ಎರಡು ಕೆಲಸಗಳಿಗೆ: ಒಂದು ಪೇಟೆ, ಇನ್ನೊಂದು ದವಾಖಾನೆ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಸ್ಥಾಪಿಸಿದ ಆಸ್ಪತ್ರೆಯ ಕಾಲದಿಂದಲೂ ಮಿರಜ ಚಿಕಿತ್ಸೆಗೆ ಹೆಸರಾದ ಊರು. ಜತ್ತ ತಾಲೂಕಿನ ಉಮದಿ, ಸಂಖಗಳಿಂದಲೂ, ಗಡಿಯಾಚೆಯ ಕಾಗವಾಡ, ಅಥಣಿ, ರಾಯಬಾಗಗಳಿಂದಲೂ ಜನರು ಅಲ್ಲಿಗೆ ಬರುತ್ತಾರೆ. ಹೃದಯದ ತೊಂದರೆಯಿರಲಿ, ಪಿತ್ತಕೋಶದ ಹರಳಿರಲಿ, ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಎಣ್ಣೆ, ತುಪ್ಪ ಕಡಿಮೆ ಮಾಡಿರಿ. ಹಾಲು ಒಗ್ಗದವರೂ, ಪ್ರಾಣಿಜನ್ಯ ಆಹಾರವನ್ನು ತಾವಾಗಿಯೇ ಬಿಟ್ಟವರೂ ಕೆಲವು ಮನೆಗಳಲ್ಲಿದ್ದಾರೆ. ಸ್ವಂತ ಅಡುಗೆಮನೆಯಲ್ಲಿ ಈ ಪಥ್ಯ ಕಷ್ಟವಲ್ಲ. ರೋಗಿಯೊಡನೆ ಎಂಟು-ಹತ್ತು ದಿನ ಪರಊರಿನಲ್ಲಿ ಉಣ್ಣಬೇಕಾದಾಗ ಅದು ಕಷ್ಟವಾಗುತ್ತದೆ.

ಫಲಕವನ್ನು ನಂಬಿದರೆ ಸಾಲದು

ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೂ ವರ್ಜಿಸುವ ಪದ್ಧತಿಗೆ ವೀಗನ್ ಎಂಬ ಹೆಸರು ಇಂಗ್ಲೆಂಡಿನಲ್ಲಿ 1944ರಲ್ಲಿ ಹುಟ್ಟಿತು. ಭಾರತದಲ್ಲಿ ಇಂತಹ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿ ಬಂದುದು 2022ರಲ್ಲಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಸಸ್ಯಾಹಾರವೆಂಬುದನ್ನು ಮಾತ್ರ ಸೂಚಿಸುತ್ತದೆ. ಅದರಲ್ಲಿ ಹಾಲಿಲ್ಲವೆಂದು ಹೇಳುವುದಿಲ್ಲ. ಹೋಟೆಲಿನ ‘ಶುದ್ಧ ಶಾಕಾಹಾರಿ’ ಫಲಕದ ಅರ್ಥವೂ ಅಷ್ಟೇ. ‘ಜೈನ ಥಾಳಿ’ಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ; ತುಪ್ಪ, ಮಜ್ಜಿಗೆ ಇರಬಹುದು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ದೊಡ್ಡ ಹೋಟೆಲುಗಳು ಪ್ರತಿ ತಿನಿಸಿನ ಕ್ಯಾಲೊರಿಯನ್ನು ಪಟ್ಟಿಯಲ್ಲಿ ತೋರಿಸಬೇಕೆಂಬ ನಿಯಮವಿದೆ. ನಿಲ್ದಾಣದ ಬಳಿಯ ಸಣ್ಣ ಖಾನಾವಳಿಗೆ ಅದು ಅನ್ವಯಿಸದು. ಅಲ್ಲಿ ಕೇಳಿ ತಿಳಿಯುವುದೊಂದೇ ದಾರಿ.

ಬೇಕಾದುದು ಎದುರಿಗೇ ಇದೆ

ಆದರೆ ಇದಕ್ಕಾಗಿ ಹೊಸ ಮಾದರಿಯ, ದುಬಾರಿ ಹೋಟೆಲನ್ನು ಹುಡುಕಬೇಕಾಗಿಲ್ಲ. ಕೃಷ್ಣೆಯ ಎರಡೂ ದಂಡೆಗಳ ನಿತ್ಯದ ಊಟವೇ ಇದಕ್ಕೆ ಹತ್ತಿರದ್ದು. ನಮ್ಮ ಜೋಳದ ರೊಟ್ಟಿಯೇ ಅಲ್ಲಿಯ ಭಾಕರಿ. ಅದನ್ನು ಬಡಿಯುವುದಕ್ಕೆ ಹಿಟ್ಟು ಮತ್ತು ಬಿಸಿನೀರು ಸಾಕು, ಎಣ್ಣೆ ಬೇಡ. ನೂರು ಗ್ರಾಂ ಜೋಳದಲ್ಲಿರುವ ಕೊಬ್ಬು ಸುಮಾರು 2ರಿಂದ 3.5 ಗ್ರಾಂ ಮಾತ್ರ. ಮಡಿಕೆ ಕಾಳಿನ ಉಸಳ, ತೊಗರಿಬೇಳೆಯ ವರಣ, ಮೆಂತ್ಯೆ ಸೊಪ್ಪಿನ ಪಲ್ಯ, ಕಡಲೆಹಿಟ್ಟಿನ ಪಿಠಲೆ, ಹಸಿ ಈರುಳ್ಳಿ, ಮೂಲಂಗಿ, ಇವೆಲ್ಲ ಮೂಲತಃ ಸಸ್ಯಜನ್ಯವೇ. ಜೋಳ, ಕಾಳು, ಸೊಪ್ಪು ಕೂಡಿದ ತಾಟಿನಲ್ಲಿ ನಾರೂ ಪ್ರೋಟೀನೂ ಸೇರಿಯೇ ಬರುತ್ತವೆ.

ಕೊಬ್ಬು ಸೇರುವುದು ಧಾನ್ಯದಿಂದಲ್ಲ, ಮೇಲಿನಿಂದ. ಎರಡು ರೊಟ್ಟಿಗೆ 120 ಗ್ರಾಂ ಹಿಟ್ಟು ಹಿಡಿದರೂ ಅದರ ಕೊಬ್ಬು ನಾಲ್ಕು ಗ್ರಾಮಿನೊಳಗೆ ಉಳಿಯುವುದು ಸಾಮಾನ್ಯ. ಊಟದ ದೊಡ್ಡ ಚಮಚದ ಒಂದು ಅಳತೆ ಎಣ್ಣೆಯಲ್ಲಿ ಸುಮಾರು 14 ಗ್ರಾಂ ಕೊಬ್ಬಿದೆ. ಆಹಾರದ ಒಟ್ಟು ಶಕ್ತಿಯಲ್ಲಿ ಕೊಬ್ಬಿನ ಪಾಲು ಶೇ. 30ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಅದು ಸುಮಾರು 66 ಗ್ರಾಂ. ಅಂತಹ ನಾಲ್ಕೇ ಚಮಚ ಎಣ್ಣೆ ಈ ಮಿತಿಯ ಬಹುಭಾಗವನ್ನು ಮುಗಿಸಿಬಿಡುತ್ತದೆ. ರೋಗಿಗೆ ವೈದ್ಯರು ಹಾಕಿಕೊಡುವ ಮಿತಿ ಇದಕ್ಕಿಂತಲೂ ಕಡಿಮೆಯಿರಬಹುದು.

ಎಲ್ಲಿ ಎಚ್ಚರ ಬೇಕು

ಮಿಸಳ, ಉಸಳಗಳ ಮೇಲೆ ತೇಲುವ ಕೆಂಪು ಎಣ್ಣೆಗೆ ತರ್ರಿ ಎನ್ನುತ್ತಾರೆ. ಖಾರದ ತೆಳು ರಸಕ್ಕೆ ಕಟ ಎಂದು ಹೆಸರು. ಕಾಳನ್ನು ಅಡಿಯಿಂದ ತೆಗೆಯಿಸಿ, ಕಟವನ್ನು ಬೇರೆ ಬಟ್ಟಲಿನಲ್ಲಿ ಕೇಳಿದರೆ ಅರ್ಧ ಕೆಲಸ ಮುಗಿಯಿತು. ‘ಭರಲೇ ವಾಂಗೆ’ ಎಂದರೆ ನಮ್ಮ ಎಣ್ಣೆಗಾಯಿಯ ಬಂಧುವೇ. ಎಣ್ಣೆಯೊಡನೆ ಶೇಂಗಾ, ಒಣಕೊಬ್ಬರಿಗಳೂ ಅದರಲ್ಲಿ ಸೇರಿರುತ್ತವೆ. ಶೇಂಗಾದ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ಕೊಬ್ಬೇ ಇರುವುದರಿಂದ ಚಟ್ನಿಪುಡಿಯನ್ನೂ ಚಿಟಿಕೆಯ ಲೆಕ್ಕದಲ್ಲಿ ಹಾಕಿಸಿಕೊಳ್ಳುವುದು ಲೇಸು. ಝುಣಕಕ್ಕಿಂತ ತೆಳ್ಳಗಿನ ಪಿಠಲೆಗೆ ಸಾಮಾನ್ಯವಾಗಿ ಎಣ್ಣೆ ಕಡಿಮೆ ಸಾಕು.

ಹೆಸರಿನ ಹೋಲಿಕೆಯೂ ಮೋಸಗೊಳಿಸುತ್ತದೆ. ನಮ್ಮ ಕೋಸಂಬರಿಯಲ್ಲಿ ನೆನೆಸಿದ ಹೆಸರುಬೇಳೆಯಿರುತ್ತದೆ. ಅಲ್ಲಿಯ ಕೋಶಿಂಬೀರಕ್ಕೆ ಅನೇಕ ಕಡೆ ಮೊಸರು ಕೂಡಿಸುತ್ತಾರೆ. ವರಣ-ಅನ್ನದ ಮೇಲೆ ತುಪ್ಪ ಬಡಿಸುವುದು ಅಲ್ಲಿ ಆದರದ ಸಂಕೇತ. ಬೇಡವೆಂದು ಮೊದಲೇ ಹೇಳಬೇಕು. ಸೋಲಕಢಿಯಲ್ಲಿ ಹಾಲಿಲ್ಲ, ಆದರೆ ತೆಂಗಿನಹಾಲಿನ ಕೊಬ್ಬಿದೆ. ಪಂಜಾಬಿ ಮಾದರಿಯ ಪಲ್ಯಗಳಲ್ಲಿ ಗೋಡಂಬಿ, ಕೆನೆ, ಬೆಣ್ಣೆಗಳು ಅಡಗಿರುತ್ತವೆ. ನಾನ್ ಹಿಟ್ಟಿಗೆ ಮೊಸರು ಬೀಳುವುದುಂಟು. ಚಪಾತಿಗಿಂತ ಎಣ್ಣೆ ಸವರದ ಫುಲಕೆ ಮೇಲು.

ಬೆಳಗಿನ ತಿಂಡಿಗೆ ಆವಿಯಲ್ಲಿ ಬೆಂದ ಇಡ್ಲಿ ಮತ್ತು ಸಾಂಬಾರು ಸುಲಭದ ಆಯ್ಕೆ. ಚಟ್ನಿಗೆ ಮೊಸರು ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಬೇಕು; ರವೆ ಇಡ್ಲಿಗೆ ಮೊಸರು ಸೇರುವುದೇ ವಾಡಿಕೆ. ಆ ಭಾಗದ ಹೆಸರಾಂತ ಭಡಂಗದಲ್ಲಿ ಚುರುಮುರಿಗೆ ಎಣ್ಣೆಯ ಒಗ್ಗರಣೆಯಿರುತ್ತದೆ. ಬರಿಯ ಚುರುಮುರಿಗೆ ಈರುಳ್ಳಿ, ನಿಂಬೆರಸ ಬೆರೆಸಿಕೊಂಡರೆ ದೋಷವಿಲ್ಲ. ಹಾಲಿಲ್ಲದ ಚಹಾ ಬೇಕಾದರೆ ‘ಕೋರಾ ಚಹಾ’ ಎನ್ನಬೇಕು. ಹಂಗಾಮಿನಲ್ಲಿ ತಾಸಗಾವದ ದ್ರಾಕ್ಷಿಯೂ ಉಂಟು.

ಕೇಳುವ ಕಾಲ, ಕೇಳುವ ಮಾತು

ಖಾನಾವಳಿಯ ಪಲ್ಯ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಬೇಯುತ್ತದೆ. ಒಮ್ಮೆ ಬೆರೆತ ಎಣ್ಣೆಯನ್ನು ಯಾರೂ ತೆಗೆಯಲಾರರು. ಆದುದರಿಂದ ಮಧ್ಯಾಹ್ನದ ಗದ್ದಲಕ್ಕೆ ಮೊದಲೇ ಹೋಗುವುದು ಜಾಣತನ. ಒಗ್ಗರಣೆ ಬೀಳುವ ಮುನ್ನ ಒಂದು ಬಟ್ಟಲು ಸಪ್ಪೆ ಬೇಳೆಯನ್ನು ಎತ್ತಿಡುವುದು ಅಡುಗೆಯವರಿಗೆ ಹೊರೆಯಲ್ಲ. ನಾಲ್ಕಾರು ದಿನ ಉಳಿಯುವವರು ಮನೆಯಲ್ಲಿ ಅಡುಗೆ ಮಾಡಿ ಡಬ್ಬಾ ಕಳಿಸುವವರನ್ನು ವಿಚಾರಿಸಿ ಗೊತ್ತುಮಾಡಿಕೊಂಡರೆ ಇನ್ನೂ ಅನುಕೂಲ. ಅಲ್ಲಿ ಪಥ್ಯವನ್ನು ಮೊದಲ ದಿನ ಒಮ್ಮೆ ತಿಳಿಸಿದರೆ ಸಾಕು.

ವೀಗನ್ ಎಂಬ ಶಬ್ದ ಖಾನಾವಳಿಯಲ್ಲಿ ಕೆಲಸಕ್ಕೆ ಬರುವುದು ಅಪರೂಪ. ಬೇಡದ ವಸ್ತುಗಳನ್ನೇ ಒಂದೊಂದಾಗಿ ಹೆಸರಿಸಬೇಕು. ಬಡಿಸುವವರನ್ನು ‘ದಾದಾ’ ಎಂದೂ ಭಾಕರಿ ಬಡಿಯುವ ತಾಯಂದಿರನ್ನು ‘ಮಾವಶೀ’ ಎಂದೂ ಕರೆದು, ಈ ನಾಲ್ಕು ಮರಾಠಿ ಮಾತುಗಳನ್ನು ಆಡಿದರೆ ಸಾಕಾಗುತ್ತದೆ:

‘ದೂಧ, ದಹೀ, ಲೋಣೀ, ತೂಪ ಕಾಹೀ ನಕೊ’: ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಬೇಡ.
‘ಭಾಕರೀಲಾ ತೂಪ ಲಾವೂ ನಕಾ’: ರೊಟ್ಟಿಗೆ ತುಪ್ಪ ಹಚ್ಚಬೇಡಿರಿ.
‘ವರೂನ ತೇಲ ಘಾಲೂ ನಕಾ’: ಮೇಲಿನಿಂದ ಎಣ್ಣೆ ಹಾಕಬೇಡಿರಿ.
‘ಕಟ ವೇಗಳಾ ದ್ಯಾ’: ಕಟವನ್ನು ಬೇರೆಯಾಗಿ ಕೊಡಿರಿ.

ಹಾಲಿನ ಅಲರ್ಜಿಯಿರುವವರು ‘ಬೇಡ’ ಎಂದಷ್ಟಕ್ಕೇ ನಿಲ್ಲಿಸದೆ, ತಿಂದರೆ ಅಪಾಯವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಮಕ್ಕಳ ತಾಟು ಬೇರೆ

ರೋಗಿಯ ಪಥ್ಯವನ್ನು ಜೊತೆಗೆ ಬಂದ ಮಕ್ಕಳಿಗೂ ಹೇರುವುದು ತಪ್ಪು. ಬೆಳೆಯುವ ಮಕ್ಕಳಿಗೆ ಕೊಬ್ಬು ಬೇಕು. ವೈದ್ಯರ ಸಲಹೆಯಿಲ್ಲದೆ ಅವರ ಹಾಲು, ಎಣ್ಣೆಗಳನ್ನು ಕಡಿತಗೊಳಿಸಬಾರದು. ಹಾಲನ್ನು ಪೂರ್ಣವಾಗಿ ಬಿಟ್ಟ ಹಿರಿಯರೂ ಬಿ12 ಜೀವಸತ್ವದ ಕುರಿತು ವೈದ್ಯರನ್ನು ಕೇಳಬೇಕು. ಕಾಳು, ಸೊಪ್ಪುಗಳಿಂದ ಅದು ದೊರೆಯುವುದಿಲ್ಲ. ಅದರ ಕೊರತೆಯಿಂದ ರಕ್ತಕ್ಕೂ ನರಗಳಿಗೂ ಹಾನಿಯುಂಟು.

ಆದರೆ ಈ ಕಾರ್ಯದಲ್ಲಿ ಮಕ್ಕಳಿಗೊಂದು ದೊಡ್ಡ ಪಾತ್ರವಿದೆ. ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ ಕಲಿಯುವ ಮಗು ಮರಾಠಿಯನ್ನೂ ಓದುತ್ತದೆ. ಅಜ್ಜಿಗೆ ತಿಳಿಯದ ತಿನಿಸಿನ ಪಟ್ಟಿಯನ್ನು ಅದು ಓದಿ ಹೇಳಬಲ್ಲದು. ಅಜ್ಜಿಯ ಪಥ್ಯವನ್ನು ದಾದಾನಿಗೆ ಅವನ ಭಾಷೆಯಲ್ಲಿಯೇ ತಿಳಿಸಬಲ್ಲದು. ಮಿರಜಕ್ಕೆ ಹೊರಡುವ ಮುನ್ನ ಈ ನಾಲ್ಕು ಮಾತುಗಳನ್ನು ಒಂದು ಚೀಟಿಯಲ್ಲಿ ಎರಡೂ ಲಿಪಿಗಳಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ. ಆ ಚೀಟಿ ಔಷಧದ ಚೀಟಿಯೊಡನೆ ಅದೇ ಚೀಲದಲ್ಲಿರಲಿ.